ನಿಧಾನಕ್ಕೆ ಹೋಗಿ ಬನ್ನಿ

ನನ್ನ ಹೆಂಡತಿಯ ತಮ್ಮನನ್ನು ಊರೆಲ್ಲ ಜಿಪ್ಪಣ್ಣ ಎಂದು ಕರೆಯುತ್ತದೆ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಕೆಟ್ಟ ಬ್ಯಾಗುಗಳ ಜಿಪ್ಪು ಸರಿಮಾಡುವವನಾದ್ದರಿಂದ ಆ ಹೆಸರು ಬಂತೆಂದು ಗಿರಾಕಿಗಳು ತಿಳಿದಿದ್ದಾರೆ. ಜಿಪುಣ ಎಂದು ಮುಖದ ಮೇಲೆ ಹೇಳಲಾಗದ್ದಕ್ಕೆ ಹಾಗೆ ತಿರುಚಿ ಇಟ್ಟದ್ದು. ಇಟ್ಟವನು ನಾನೇ ಆದ್ದರಿಂದ ಇದರಲ್ಲಿ ಅನುಮಾನವಿಲ್ಲ.

ಆ ಗೂಡು ಆರಡಿ ಉದ್ದ, ನಾಲ್ಕಡಿ ಅಗಲ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಅದರಲ್ಲಿ ಒಂದು ಹಳೆಯ ಹೊಲಿಗೆ ಯಂತ್ರ, ಒಂದು ಇಕ್ಕಳ, ಮೇಣ ಸವರಿದ ದಪ್ಪ ದಾರದ ಉಂಡೆ, ಗೋಣಿ ಹೊಲಿಯುವಂಥ ದಬ್ಬಳ, ಜಿಪ್ಪಿನ ರನ್ನರುಗಳನ್ನು ಅಳತೆವಾರು ತುಂಬಿಟ್ಟ ಹನ್ನೊಂದು ಡಬ್ಬಿ. ಎದ್ದು ನಿಂತರೆ ಮೆಟ್ಟಿಲು ತಲೆಗೆ ಬಡಿಯುತ್ತದೆ. ಮೂವತ್ತು ವರ್ಷ ಬಡಿಸಿಕೊಂಡಿದ್ದಾನೆ, ಒಂದು ದಿನವೂ ಬೇರೆ ಅಂಗಡಿ ನೋಡಬೇಕೆಂದು ತೋಚಲಿಲ್ಲ. ಹೊಸ ಜಿಪ್ಪು ಹಾಕಿ ಚೆನ್ನಾಗಿ ವಸೂಲಿ ಮಾಡಬಹುದಾದ ಕಡೆ, ಹಳೇ ರನ್ನರಿನ ಎರಡು ಪಕ್ಕ ಇಕ್ಕಳದಿಂದ ಅದುಮಿ, ಎಳೆದು ತೋರಿಸಿ, "ಇನ್ನೂ ಎರಡು ವರ್ಷ ಬರುತ್ತೆ ಹೋಗಿ" ಎಂದು ಕಳಿಸಿಬಿಡುತ್ತಾನೆ. ಮದುವೆಯಾಗಲಿಲ್ಲ. ಕೇಳಿದರೆ, "ಗೂಡಲ್ಲಿ ಇಬ್ಬರಿಗೆ ಜಾಗ ಇಲ್ಲ ಭಾವ" ಎಂದು ಹಲ್ಲು ಕಿರಿಯುತ್ತಾನೆ. ಬದುಕಲು ಬಾರದವನು ಎಂದರೆ ಹೀಗಿರುತ್ತಾನೆ.

ನನ್ನ ವಿಷಯ ಬೇರೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ನನ್ನ ಸ್ಕೂಟರಿನ ಸದ್ದು ಕೇಳಿದರೆ ಮಾರುಕಟ್ಟೆಯಲ್ಲಿ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಐದು ಗ್ರಾಂ ವ್ಯತ್ಯಾಸವಿದ್ದರೂ ನಾನು ಮುದ್ರೆ ಒತ್ತುತ್ತಿರಲಿಲ್ಲ. ನಿವೃತ್ತನಾಗಿ ಎರಡು ವರ್ಷವಾಯಿತು. ಆಮೇಲೆ ಮನೆಯ ಕಡೆ ಗಮನ ಕೊಡಲು ಬಿಡುವು ಸಿಕ್ಕಿತು. ಹಾಲಿನವನ ಲೀಟರು, ಗ್ಯಾಸಿನ ಸಿಲಿಂಡರಿನ ತೂಕ, ಹೆಂಡತಿ ಹಾಕುವ ಉಪ್ಪು, ಅವಳ ರೇಡಿಯೋದ ಸದ್ದು ಎಲ್ಲದರಲ್ಲೂ ಎಷ್ಟು ಏರುಪೇರು ಇತ್ತೆಂದು ಆಗಲೇ ತಿಳಿದದ್ದು. ಒಂದೊಂದಾಗಿ ಸರಿಪಡಿಸುತ್ತ ಬಂದೆ. ಒಂಬತ್ತೂವರೆಗೆ ದೀಪ ಆರಬೇಕು ಎಂಬ ನಿಯಮವನ್ನೂ ತಂದೆ.

ಹೀಗಿರುವಾಗ ಒಂದು ಭಾನುವಾರ ಜಿಪ್ಪಣ್ಣ ಮನೆಗೆ ಬಂದು, ತಾನು ಬೆನ್ನಿಗೆ ಬ್ಯಾಗು ಹಾಕಿಕೊಂಡು ಇಪ್ಪತ್ತು ದಿನ ವಿದೇಶ ಸುತ್ತುವುದಾಗಿ ಹೇಳಿದ. ನನಗೆ ನಗು ತಡೆಯಲಾಗಲಿಲ್ಲ. ಐವತ್ತನಾಲ್ಕು ವಯಸ್ಸು, ಮಂಡಿನೋವು. ಇಂಗ್ಲಿಷು ಬರುವುದು ಬ್ಯಾಗಿನ ಚೀಟಿಗಳ ಮೇಲೆ ಓದಿದಷ್ಟು ಮಾತ್ರ. ಆದರೆ ಅವನು ಅಂಗಿಯ ಜೇಬಿನಿಂದ ಒಂದು ಸ್ಟಿಕ್ಕರು ತೆಗೆದು ತೋರಿಸಿದ. ಇಪ್ಪತ್ತು ವರ್ಷದ ಹಿಂದೆ ಯಾರೋ ಪರದೇಶದವನು ಬ್ಯಾಗು ರಿಪೇರಿಗೆ ಬಂದಾಗ ಖುಷಿಯಾಗಿ ಕೊಟ್ಟದ್ದಂತೆ. ಅದರ ಮೇಲೆ ಬೆಟ್ಟ ಹತ್ತಿ ಇಳಿಯುವ ಒಂದು ಕೆಂಪು ರೈಲು. "ಹನ್ನೆರಡನೇ ದಿನ ಈ ರೈಲು ಹತ್ತೋದು ಭಾವ. ಟಿಕೆಟ್ ಆಗಿದೆ" ಎಂದ. ಆ ಸ್ಟಿಕ್ಕರಿಗಾಗಿ ಇಪ್ಪತ್ತು ವರ್ಷ ಕೂಡಿಟ್ಟಿದ್ದನಂತೆ ಈ ಪುಣ್ಯಾತ್ಮ.

ನಾನು ಬೈದು ಕಳಿಸುವವನಿದ್ದೆ. ವಿಚಿತ್ರವೆಂದರೆ ನನ್ನ ಹೆಂಡತಿ, "ನೀವೂ ಜೊತೇಲಿ ಹೋಗ್ರೀ. ಅವನು ಪೆದ್ದ, ದಾರಿ ತಪ್ಪಿಸ್ಕೋತಾನೆ. ನಿಮ್ಮಂಥೋರು ಒಬ್ಬರು ಬೇಕು" ಎಂದಳು. ಮಾತು ನಿಜವಾಗಿತ್ತು. ನನ್ನ ಟಿಕೆಟಿಗೆ ತನ್ನ ಚೀಟಿ ಹಣವನ್ನೇ ತೆಗೆದು ಕೊಟ್ಟಳು. ನಾನು ಒಪ್ಪಿದೆ, ಆದರೆ ಒಂದು ಷರತ್ತಿನ ಮೇಲೆ. ಮೂರು ದಿನ ನೋಡುತ್ತೇನೆ, ವ್ಯವಸ್ಥೆ ಸರಿಯಿಲ್ಲದಿದ್ದರೆ ನಾಲ್ಕನೇ ದಿನ ಟಿಕೆಟ್ ಬದಲಾಯಿಸಿ ಇಬ್ಬರೂ ವಾಪಸ್ಸು. ಕೆಂಪು ರೈಲು ಗಿಯಿಲು ಎಂದು ಆಮೇಲೆ ರಾಗ ಎಳೆಯಬಾರದು. ಜಿಪ್ಪಣ್ಣ ತನ್ನ ಅಕ್ಕನ ಮುಖ ನೋಡಿದ. "ಆಗ್ಲಿ ಭಾವ" ಎಂದ.

ಹೊರಡುವ ಒಂದು ವಾರ ಮೊದಲೇ ಅವಳು ನನ್ನ ಬಟ್ಟೆಗಳನ್ನು ಮಡಚಿಟ್ಟಿದ್ದಳು. ನನ್ನ ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಒಮ್ಮೆಯೂ ಇಷ್ಟು ಉತ್ಸಾಹದಿಂದ ಬುತ್ತಿ ಕಟ್ಟಿದವಳಲ್ಲ. ಬಾಗಿಲಲ್ಲಿ ನಿಂತು ತಮ್ಮನಿಗೆ, "ಹೋಗಿ ಬಾ" ಎಂದಳು. ನನಗೆ, "ನಿಧಾನಕ್ಕೆ ಹೋಗಿ ಬನ್ನಿ" ಎಂದಳು. ಕಣ್ಣು ತುಂಬಿತ್ತು. ಬೇಗ ಬರುತ್ತೇನೆ, ಅಳಬೇಡ ಎಂದು ನಾನೇ ಸಮಾಧಾನ ಹೇಳಿದೆ.

ವಿಮಾನ ನಿಲ್ದಾಣದಲ್ಲಿ ಮೊದಲ ಬಾರಿಗೆ ಅವನ ಬ್ಯಾಗನ್ನು ಸರಿಯಾಗಿ ನೋಡಿದೆ. ರಿಪೇರಿಗೆ ಕೊಟ್ಟು ಯಾರೂ ಬಂದು ಒಯ್ಯದ ಬ್ಯಾಗುಗಳ ತುಂಡು ಜೋಡಿಸಿ ತಾನೇ ಹೊಲಿದಿದ್ದ. ಒಂದು ಪಟ್ಟಿ ನೀಲಿ, ಇನ್ನೊಂದು ಹಸಿರು, ಬೆನ್ನು ಕಂದು, ಮುಚ್ಚಳ ಶಾಲೆ ಮಕ್ಕಳ ಬ್ಯಾಗಿನದು, ಅದರ ಮೇಲೊಂದು ಮೊಲದ ಚಿತ್ರ. ಐವತ್ತನಾಲ್ಕು ವರ್ಷದವನ ಬೆನ್ನ ಮೇಲೆ ಮೊಲ! ನಾನು ನಾಲ್ಕು ಹೆಜ್ಜೆ ದೂರ ನಿಂತೆ. ನನ್ನದು ಚಕ್ರವಿರುವ ಗಟ್ಟಿ ಪೆಟ್ಟಿಗೆ.

ನಮ್ಮದು ಅಗ್ಗದ ಟಿಕೆಟ್ಟು. ಕೈಚೀಲ ಏಳು ಕೆಜಿ ಮೀರಬಾರದು. ಮನೆಯಲ್ಲಿ ನನ್ನ ಪೆಟ್ಟಿಗೆಯನ್ನು ಮೂರು ಸಲ ತೂಗಿದ್ದೆ, ಆರು ಕೆಜಿ ಒಂಬೈನೂರು. ಅಲ್ಲಿನ ಯಂತ್ರ ಏಳು ಕೆಜಿ ನಾನೂರು ತೋರಿಸಿತು. ನಾನು ಬಿಡುತ್ತೇನೆಯೇ? ಯಂತ್ರದ ಪಕ್ಕ ಬಗ್ಗಿ ತಪಾಸಣೆಯ ಮುದ್ರೆ ಹುಡುಕಿದೆ. ಕಳೆದ ವರ್ಷದ್ದು. "ಈ ಯಂತ್ರದ ಅವಧಿ ಮುಗಿದಿದೆ. ಇದರಲ್ಲಿ ತೂಗಿದ್ದಕ್ಕೆ ಬೆಲೆ ಇಲ್ಲ" ಎಂದೆ. ಕೌಂಟರಿನ ಹುಡುಗಿ ಗೋಡೆ ನೋಡಿದಳು. ಹಿಂದೆ ನಿಂತವರು ಗೊಣಗತೊಡಗಿದರು. ನಾನು ಇಲಾಖೆಯ ನಿಯಮ ಹೇಳುತ್ತಿರುವಾಗಲೇ ಜಿಪ್ಪಣ್ಣ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಪೆಟ್ಟಿಗೆ ತೆರೆದಿದ್ದ.

"ಏನೋ ಮಾಡ್ತಿದೀಯ?"

"ಖಾಲಿ ಪೆಟ್ಟಿಗೆನೇ ಮೂರು ಕೆಜಿ ಇರುತ್ತೆ ಭಾವ. ಇಂಥದ್ದು ದಿನಾ ನೋಡ್ತೀನಿ" ಎಂದು ನನ್ನ ಮೂರು ಅಂಗಿ ತೆಗೆದು ಒಂದರ ಮೇಲೊಂದು ತಾನೇ ತೊಟ್ಟುಕೊಂಡ. ಯಂತ್ರ ಏಳಕ್ಕಿಂತ ಕೆಳಗಿಳಿಯಿತು. ನನ್ನ ವಾದ ಇನ್ನೂ ಅರ್ಧದಲ್ಲಿತ್ತು. ಗೆಲ್ಲುವುದರಲ್ಲಿದ್ದ ಒಂದು ಮೊಕದ್ದಮೆಯನ್ನು ಈ ಪೆದ್ದ ಕೆಡಿಸಿದ. ಮುಂದಿನ ತಪಾಸಣೆಯಲ್ಲಿ ಅವನ ದಬ್ಬಳವನ್ನು ಕಿತ್ತುಕೊಂಡರು. ವಿಮಾನದಲ್ಲಿ ದಬ್ಬಳ! ಮೂರು ಅಂಗಿಯೊಳಗೆ ಬೆವರುತ್ತ ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡು ಕೂತಿದ್ದ.

ಇಳಿದ ಮೇಲೆ ಟ್ಯಾಕ್ಸಿಗೆ ಹಣವಿಲ್ಲವೆಂದು ನಡೆಸಿದ. ಆ ಊರಿನ ಬೀದಿಗೆ ಕಲ್ಲು ಹಾಸಿತ್ತು. ನನ್ನ ಪೆಟ್ಟಿಗೆಯ ಚಕ್ರಗಳು ಇಡೀ ಬೀದಿಗೆ ಡಂಗುರ ಸಾರುತ್ತ ಬಂದವು. ಕಿಟಕಿಗಳಿಂದ ಜನ ಇಣುಕಿದರು. ಜಿಪ್ಪಣ್ಣ ಮೊಲ ಹೊತ್ತು ಮುಂದೆ ಮುಂದೆ ನಡೆದ. ಒಂದು ಸಲವೂ "ಈ ಪೆಟ್ಟಿಗೆ ಯಾಕೆ ತಂದ್ರಿ" ಎನ್ನಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು.

ವಸತಿ ಎಂದರೆ ಒಂದು ಕೋಣೆ, ಎಂಟು ಮಂಚ, ಒಂದರ ಮೇಲೊಂದು. ನನಗೆ ಸಿಕ್ಕಿದ್ದು ಮೇಲಿನದು. ಏಣಿ ಹತ್ತುವಾಗ ಕೆಳಗಿನ ಮಂಚದ ಹುಡುಗನ ಮುಖದ ಮುಂದೆ ನನ್ನ ಕಾಲು ತೂಗಾಡಿತು. ಒಂದು ಇಲಾಖೆಯನ್ನು ನಡುಗಿಸಿದ ಕಾಲು ಅದು. ಉಳಿದ ಮಂಚಗಳಲ್ಲಿ ಸ್ನಾನ ಕಾಣದ ತಲೆಗಳು, ಒದ್ದೆ ಕಾಲುಚೀಲಗಳು, ಹಗಲಲ್ಲೂ ಗೊರಕೆ. ಪ್ರಪಂಚ ನೋಡಲು ಹೊರಟವರಂತೆ ಇವರೆಲ್ಲ! ಮಲಗುವುದಕ್ಕೆ ಇಷ್ಟು ದೂರ ಬರಬೇಕಿತ್ತೆ?

ಯಜಮಾನಿ ಕೆಳಗೆ ಮೇಜಿನ ಹಿಂದೆ ಕೂತಿರುತ್ತಿದ್ದಳು. ದಪ್ಪ ಹೆಂಗಸು, ಕುತ್ತಿಗೆಗೆ ಸರಪಳಿ ಕಟ್ಟಿದ ಕನ್ನಡಕ, ಒಂದು ದೊಡ್ಡ ನೋಟುಪುಸ್ತಕ. ಅವಳಿಗೂ ಇಂಗ್ಲಿಷು ಅಷ್ಟಕ್ಕಷ್ಟೇ. ಜಿಪ್ಪಣ್ಣ ಅವಳ ಮುಂದೆ ತನ್ನ ಚೀಟಿಯ ಇಂಗ್ಲಿಷು ಬಿಚ್ಚಿದ. ನನ್ನನ್ನು ತೋರಿಸಿ, "ಮೈ ಬ್ರದರ್ ಇನ್ ಲಾ. ಫ್ರಜೈಲ್. ಹ್ಯಾಂಡಲ್ ವಿತ್ ಕೇರ್" ಎಂದ. ಅವಳು ಕನ್ನಡಕ ಏರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಹೊತ್ತು ನಕ್ಕಳು. ಆ ನಗುವನ್ನು ನಾನು ಮರೆತಿಲ್ಲ.

ಅಡುಗೆಮನೆಯಲ್ಲಿ ಒಂದು ಕಪಾಟು. ಊರು ಬಿಟ್ಟು ಹೋಗುವವರು ಉಳಿದದ್ದನ್ನು ಅದರಲ್ಲಿ ಇಟ್ಟುಹೋಗುತ್ತಾರೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಜಿಪ್ಪಣ್ಣನಿಗೆ ಅದು ನಿಧಿ ಸಿಕ್ಕಂತಾಯಿತು. ಯಾರೋ ಬಿಟ್ಟ ಅಕ್ಕಿ, ಯಾರೋ ಬಿಟ್ಟ ಈರುಳ್ಳಿ, ಇನ್ಯಾರದೋ ಎಣ್ಣೆ ಸೇರಿಸಿ ಬೇಯಿಸಿದ. "ಕಂಡವರ ಎಂಜಲು" ಎಂದೆ. "ಪೊಟ್ಟಣಕ್ಕೆ ಎಂಜಲು ಎಲ್ಲಿಂದ ಬರುತ್ತೆ ಭಾವ" ಎಂದು ನನಗೇ ಮೊದಲು ಬಡಿಸಿದ. ಹಸಿವಾಗಿತ್ತು, ತಿಂದೆ. ಉಪ್ಪು ಕಡಿಮೆಯಾಗಿತ್ತು, ಅದನ್ನೂ ಹೇಳಿದೆ.

ಎರಡನೇ ದಿನ ಊರು ನೋಡುವ ದಿನ. ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕ, ಗೋಪುರ ಹತ್ತಲು ಶುಲ್ಕ. ಜಿಪ್ಪಣ್ಣ ನನ್ನನ್ನು ಕರೆದುಕೊಂಡು ಹೋದದ್ದು ರೈಲು ನಿಲ್ದಾಣಕ್ಕೆ. ಅಲ್ಲಿ ಒಂದು ಬೆಂಚಿನ ಮೇಲೆ ಕೂರಿಸಿ, ಹೋಗುವ ಬರುವ ಬ್ಯಾಗುಗಳನ್ನು ನೋಡತೊಡಗಿದ. ಅರ್ಧ ದಿನ! ಸಮುದ್ರ ದಾಟಿ ಬಂದು, ತನ್ನ ಗೂಡಿನ ಮುಂದೆ ದಿನಾ ಕಾಣುವುದನ್ನೇ ನೋಡುವವನಿಗೆ ಏನನ್ನಬೇಕು?

"ಆ ಕರಿ ಬ್ಯಾಗು ನೋಡಿ ಭಾವ. ಎಡಗಡೆ ಪಟ್ಟಿ ಇನ್ನು ಹತ್ತು ದಿನ. ಅಲ್ಲೇ ಎರಡು ಹೊಲಿಗೆ ಹಾಕಿದ್ರೆ ಹತ್ತು ವರ್ಷ" ಎಂದ. ಕೈ ಜೇಬಿಗೆ ಹೋಯಿತು, ದಬ್ಬಳವಿಲ್ಲವೆಂದು ನೆನಪಾಗಿ ಹಾಗೇ ಹೊರಬಂತು. ಮುಖದಲ್ಲಿ ಎಂಥ ಸಂಕಟ!

"ನಾಳೆ ಮೂರನೇ ದಿನ. ನೆನಪಿದೆ ತಾನೆ?" ಎಂದೆ.

"ನೆನಪಿದೆ ಭಾವ" ಎಂದವನು ಸ್ಟಿಕ್ಕರು ತೆಗೆದು ನೋಡಿ ಒಳಗಿಟ್ಟುಕೊಂಡ.

ಮೂರನೇ ದಿನ ನಾವು ಮುಂದಿನ ಊರಿಗೆ ಹೊರಡಬೇಕಿತ್ತು. ಅಲ್ಲಿನ ವಸತಿಯನ್ನು ಫೋನಿನಲ್ಲಿ ನಾನೇ ಹುಡುಕಿ ಗೊತ್ತುಮಾಡಿದ್ದೆ. ಜಿಪ್ಪಣ್ಣನ ಫೋನು ಗುಂಡಿ ಒತ್ತುವ ಕಾಲದ್ದು, ಅವನ ಕೈಯಲ್ಲಿ ಆಗದ ಕೆಲಸ. ಹೊರಡುವ ಮೊದಲೇ ನನ್ನ ಪೆಟ್ಟಿಗೆಯ ಹಿಡಿ ಕಿತ್ತು ಕೈಗೆ ಬಂತು. ಅವನು ಮೇಣದ ದಾರ ಸುತ್ತಿ ಸುತ್ತಿ ಹೊಸ ಹಿಡಿ ಮಾಡಿಕೊಟ್ಟ. ಮೊದಲಿನದಕ್ಕಿಂತ ಗಟ್ಟಿಯಾಗಿತ್ತು, ನೋಡಲು ಮಾತ್ರ ಭಿಕ್ಷುಕನ ಗಂಟಿನಂತಿತ್ತು.

ಲೆಕ್ಕ ಚುಕ್ತಾ ಮಾಡಿ ಕೀಲಿ ಕೊಟ್ಟು ಬಾಗಿಲು ದಾಟುವಾಗ ಜಿಪ್ಪಣ್ಣ ಯಜಮಾನಿಯ ಕಡೆ ತಿರುಗಿ, ಎರಡೂ ಕೈ ಎತ್ತಿ, "ಐ ಗೋ ಅಂಡ್ ಕಮ್" ಎಂದ.

ನನಗೆ ರೇಗಿಹೋಯಿತು. "ಲೋ, ಐ ಗೋ ಅನ್ನು ಸಾಕು. ಕಮ್ ಯಾಕೋ? ನೀನೇನು ಮತ್ತೆ ಬರ್ತೀಯಾ ಇಲ್ಲಿಗೆ?"

"ಬರೀ ಹೋಗ್ತೀನಿ ಅಂತ ಹೆಂಗೆ ಹೇಳೋದು ಭಾವ? ಬಾಯಿ ಬರಲ್ಲ."

"ಅದು ನಮ್ಮ ಭಾಷೇಲಿ ಕಣೋ! ಇಂಗ್ಲಿಷಲ್ಲಿ ಕಮ್ ಅಂದ್ರೆ ಬರ್ತೀನಿ ಅಂತಲೇ ಅರ್ಥ. ಮರ್ಯಾದೆ ತೆಗೀಬೇಡ."

ಕಾಲುಚೀಲದ ಹುಡುಗರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಯಜಮಾನಿ ನೋಟುಪುಸ್ತಕದಲ್ಲಿ ಏನೋ ಬರೆದುಕೊಂಡಳು. ಜಿಪ್ಪಣ್ಣ ನಾಲಿಗೆ ಕಚ್ಚಿಕೊಂಡು ಹೊರಬಂದ.

ಬಸ್ಸಿನಲ್ಲಿ ಮೂರು ಗಂಟೆ. ಮುಂದಿನ ಊರಿನ ವಸತಿಯವನು ನನ್ನ ಫೋನಿನಲ್ಲಿದ್ದ ಚೀಟಿ ನೋಡಿ ತಲೆ ಅಲ್ಲಾಡಿಸಿದ. ನಾನು ಗದರಿದೆ. ಅವನು ಗೋಡೆಯ ಕ್ಯಾಲೆಂಡರಿನ ಹತ್ತಿರ ಕರೆದುಕೊಂಡು ಹೋಗಿ ಬೆರಳಿಟ್ಟು ತೋರಿಸಿದ. ನಾವು ದಿನ ಮೊದಲು ಬರೆದು ತಿಂಗಳು ಆಮೇಲೆ ಬರೆಯುತ್ತೇವೆ, ನಾನು ಜಾಗ ಗೊತ್ತುಮಾಡಿದ ಜಾಲತಾಣದಲ್ಲಿ ತಿಂಗಳು ಮೊದಲು. ಆರನೇ ತಿಂಗಳ ಏಳನೇ ತಾರೀಖಿಗೆಂದು ನಾನು ಹಾಕಿದ್ದು, ಏಳನೇ ತಿಂಗಳ ಆರನೇ ತಾರೀಖಿಗೆ ಆಗಿತ್ತು. ಮಂಚಗಳೆಲ್ಲ ತುಂಬಿದ್ದವು. ಕಟ್ಟಿದ ಮುಂಗಡ ಹೋಯಿತು. ಸುತ್ತಮುತ್ತ ಕೇಳಿದೆವು, ಒಂದು ರಾತ್ರಿಗೆ ಅವರು ಹೇಳಿದ ಬಾಡಿಗೆಯಲ್ಲಿ ಜಿಪ್ಪಣ್ಣನ ವಾರ ಕಳೆಯುತ್ತಿತ್ತು.

ಐದು ಗ್ರಾಂ ವ್ಯತ್ಯಾಸ ಬಿಡದವನು ಇಪ್ಪತ್ತೊಂಬತ್ತು ದಿನದ ವ್ಯತ್ಯಾಸ ಮಾಡಿದ್ದೆ. ಜಿಪ್ಪಣ್ಣ ಏನಾದರೂ ಅಂದಿದ್ದರೆ ಜಗಳವಾಡಬಹುದಿತ್ತು. "ಅವರ ಕ್ಯಾಲೆಂಡರೇ ಉಲ್ಟಾ ಇದೆ ಬಿಡಿ ಭಾವ" ಎಂದು ನನ್ನ ಪೆಟ್ಟಿಗೆಯನ್ನೂ ತಾನೇ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದ.

ಬಂದ ದಾರಿಗೆ ವಾಪಸ್ಸು. ಏಳು ಗಂಟೆಗೆ ಹಳೇ ವಸತಿ ಮುಟ್ಟಿದೆವು, ಆ ದೇಶದಲ್ಲಿ ಇನ್ನೂ ಬಿಸಿಲಿತ್ತು. ಮೆಟ್ಟಿಲ ಮೇಲೆಲ್ಲ ಜಾಗ ಸಿಗದ ಹುಡುಗರು ಬ್ಯಾಗು ಹಾಕಿ ಕೂತಿದ್ದರು. ಬಾಗಿಲಿಗೆ "ಜಾಗವಿಲ್ಲ" ಎಂಬ ಹಲಗೆ ತೂಗುಹಾಕಿತ್ತು. ನಮ್ಮನ್ನು ಕಂಡು ಯಜಮಾನಿ ನೋಟುಪುಸ್ತಕ ತಿರುಗಿಸಿ, ಎರಡು ಹೆಸರಿನ ಮುಂದೆ ಗುರುತು ಹಾಕಿ, ಅದೇ ಎರಡು ಕೀಲಿ ಎತ್ತಿ ಕೊಟ್ಟಳು. "ಹಿ ಸೇ, ಕಮ್. ಐ ಕೀಪ್" ಎಂದಳು.

ಜಿಪ್ಪಣ್ಣ ಹಲ್ಲು ಕಿರಿದ. ನನ್ನ ಕಡೆ ಮಾತ್ರ ನೋಡಲಿಲ್ಲ, ಅಷ್ಟು ಬುದ್ಧಿ ಇತ್ತು ಅವನಿಗೆ.

ನನಗೆ ಹೊಟ್ಟೆ ಉರಿಯಿತು. ನನ್ನ ಸರಿಯಾದ ಇಂಗ್ಲಿಷು ಬೀದಿಪಾಲು ಮಾಡಿತು, ಅವನ ಮುರುಕು ಇಂಗ್ಲಿಷಿಗೆ ಮಂಚ ಸಿಕ್ಕಿತು. ಇಂಥ ಕಡೆ ಇನ್ನು ಒಂದು ದಿನವೂ ಇರಬಾರದು. "ಮೂರು ದಿನ ಮುಗೀತು ಕಣೋ. ನಾಳೆ ಟಿಕೆಟ್ ಬದಲಾಯಿಸ್ತೀನಿ" ಎಂದೆ. ಜಿಪ್ಪಣ್ಣ ಬ್ಯಾಗು ಇಳಿಸಿ, ಅದರ ಮೊಲವನ್ನು ಒರೆಸುತ್ತ, "ಆಗ್ಲಿ ಭಾವ" ಎಂದ. ಮನೆಯಲ್ಲಿ ಆ ಭಾನುವಾರ ಹೇಳಿದ ಹಾಗೇ ಹೇಳಿದ.

ಒಳಗಿನ ಮೆಟ್ಟಿಲ ಹತ್ತಿರ ಮಾತ್ರ ಫೋನು ಹಿಡಿಯುತ್ತಿತ್ತು. ಹೆಂಡತಿಗೆ ಸಿಹಿ ಸುದ್ದಿ ಕೊಡೋಣವೆಂದು ಅಲ್ಲಿ ನಿಂತು ಮಾಡಿದೆ. ಕಿವಿ ಸ್ವಲ್ಪ ಮಂದವಾದ್ದರಿಂದ ನಾನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಊರಲ್ಲಿ ಹತ್ತು ದಾಟಿತ್ತು, ದೀಪ ಆರಿಸಬೇಕಾದ ಹೊತ್ತು ಮೀರಿತ್ತು. ಆದರೂ ಒಂದೇ ಸಲಕ್ಕೆ ಎತ್ತಿದಳು. ಹಿಂದೆ ಜೋರಾಗಿ ಯಾವುದೋ ಹಾಡು.

"ನಾವು ನಾಡಿದ್ದು ಮನೇಲಿ ಇರ್ತೀವಿ" ಎಂದೆ.

ಹಾಡು ನಿಂತಿತು. "ನಾಡಿದ್ದಾ?" ಎಂದಳು. "ಅವನಿಗೆ ಕೊಡಿ ಫೋನು."

ಕೊಟ್ಟೆ. ಜಿಪ್ಪಣ್ಣ ಮಾತಾಡುತ್ತ ಮೆಟ್ಟಿಲು ಹತ್ತಿ ತಿರುವಿನಲ್ಲಿ ನಿಂತ. ಸ್ಪೀಕರ್ ಆರಿಸಲು ಅವನಿಗೆ ಗೊತ್ತಿಲ್ಲ. ಅಕ್ಕನ ದನಿ ನೇರವಾಗಿ ಕೆಳಗೆ ಇಳಿದು ಬಂತು.

"ಏನೋ ಇದು? ಇಪ್ಪತ್ತು ದಿನ ಅಂದಿದ್ದೆಯಲ್ಲೋ. ಮೂರೇ ದಿನಕ್ಕೆ ಕರ್ಕೊಂಡು ಬರ್ತಿದೀಯಾ?"

"ಅವರಿಗೆ ಬೇಜಾರಾಗಿದೆ ಅಕ್ಕ."

"ಅವರಿಗೆ ಬೇಜಾರಿಲ್ಲದ್ದು ಯಾವತ್ತು? ನಿನ್ನ ಕೈ ಹಿಡಿದು ಕೇಳ್ಕೊಂಡಿದ್ದೆ ಕಣೋ. ಎರಡು ವರ್ಷದಿಂದ ಒಂದು ಲೋಟ ಎಲ್ಲಿಟ್ಟರೂ ಯಾಕೆ ಅಲ್ಲಿಟ್ಟೆ ಅಂತಾರೆ. ಉಪ್ಪು ಹಾಕೋವಾಗ ಪಕ್ಕ ನಿಂತು ಕೈ ನೋಡ್ತಾರೆ. ನಿನ್ನೆ ಮಧ್ಯಾಹ್ನ ಹಾಲ್‌ನಲ್ಲಿ ಕಾಲು ಚಾಚಿ ಮಲ್ಕೊಂಡೆ. ಯಾರೂ ಏನೂ ಅನ್ಲಿಲ್ಲ. ಎದ್ದ ಮೇಲೆ ಅಳು ಬಂತು ನಂಗೆ."

"ಗೊತ್ತು ಅಕ್ಕ. ಆದ್ರೆ ಭಾವ ಇಲ್ಲಿ ತುಂಬ ಸಹಾಯ ಮಾಡ್ತಿದಾರೆ. ತೂಕದ ಗಲಾಟೆ ಬಂದಾಗ ಅವರೇ ಮಾತಾಡಿದ್ದು. ಅವರಿಲ್ದೇ ಇದ್ರೆ ನಂಗೆ ಕಷ್ಟ ಆಗ್ತಿತ್ತು."

"ಸುಳ್ಳು ಹೇಳ್ಬೇಡ. ಒಬ್ಬನೇ ಹೋಗ್ಬೇಕು ಅಂತ ಇಪ್ಪತ್ತು ವರ್ಷ ಕಾದೋನು ನೀನು. ನಂಗೋಸ್ಕರ ಇವರನ್ನ ಕಟ್ಕೊಂಡು ಹೋದೆ. ಈಗ ನಿನ್ನ ರೈಲೂ ಹೋಯ್ತಲ್ಲೋ."

"ರೈಲು ಎಲ್ಲಿಗೆ ಹೋಗುತ್ತೆ ಬಿಡು ಅಕ್ಕ" ಎಂದು ಜಿಪ್ಪಣ್ಣ ನಕ್ಕ. ಆಮೇಲೆ ಮೂಗೊರೆಸಿಕೊಂಡ ಸದ್ದಾಯಿತು.

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ, ನಾಚಿಕೆಯಾಯಿತು. ಐವತ್ತನಾಲ್ಕರ ಒಬ್ಬ ಪೆದ್ದನನ್ನು ಕಾಯಲು ಬಂದಿದ್ದೇನೆಂದು ಮೂರು ದಿನ ಮೂಗು ಮುರಿದುಕೊಂಡು ತಿರುಗಿದ್ದೆ. ಅವನ ಬೆನ್ನ ಮೇಲಿನ ಹೊರೆಯಲ್ಲಿ ಹೆಚ್ಚಿನ ತೂಕ ನನ್ನದೇ ಆಗಿತ್ತು. ಬಾಗಿಲಲ್ಲಿ ನಿಂತು ಅವಳು ನಿಧಾನಕ್ಕೆ ಹೋಗಿ ಬನ್ನಿ ಎಂದದ್ದು ನೆನಪಾಯಿತು. ಎಲ್ಲರೂ ಹೇಳುವ ಮಾತು ಅದು. ಹೇಳಿದ ಹಾಗೇ ಅರ್ಥ ಇಟ್ಟುಕೊಂಡು ಹೇಳಿದವಳು ಅವಳೊಬ್ಬಳೇ ಇರಬೇಕು.

ಮೆಟ್ಟಿಲು ಹತ್ತಿ ಕೈ ಚಾಚಿದೆ. ಜಿಪ್ಪಣ್ಣ ಬೆಚ್ಚಿ ಫೋನು ಕೊಟ್ಟ.

"ರೀ, ನೀವಾ?" ಎಂದಳು. "ಏನಾದ್ರೂ ಕೇಳಿಸ್ತಾ?"

"ಏನು ಕೇಳ್ಸುತ್ತೆ? ಇಲ್ಲಿ ಸಿಗ್ನಲ್ಲೇ ಸರಿಯಿಲ್ಲ" ಎಂದೆ. ನೌಕರಿಯುದ್ದಕ್ಕೂ ತಪ್ಪು ತೂಕಕ್ಕೆ ಮುದ್ರೆ ಒತ್ತದವನು ಅವತ್ತು ಒತ್ತಿದೆ. "ನೋಡು, ನಾವು ಈಗ ಬರಲ್ಲ. ನಿನ್ನ ತಮ್ಮನಿಗೆ ಅದೇನೋ ರೈಲು ಹತ್ಬೇಕಂತೆ. ಒಬ್ಬನೇ ಬಿಟ್ಟರೆ ಹಳಿ ಮೇಲೆ ಕೂತು ಬ್ಯಾಗು ನೋಡ್ತಾನೆ."

"ಹೌದಾ? ಸರಿ ಹಾಗಾದ್ರೆ" ಎಂದಳು. "ನಿಧಾನಕ್ಕೆ ಬನ್ನಿ." ಬಾಯಿಗೆ ತಾನಾಗಿ ಬಂದ ಮಾತು.

"ಹೂಂ. ನಿಧಾನಕ್ಕೇ ಬರ್ತೀವಿ" ಎಂದೆ.

ಫೋನು ಇಡುವುದನ್ನು ಮರೆತಳೋ ಏನೋ, ಆ ಕಡೆ ಹಾಡು ಮತ್ತೆ ಶುರುವಾಯಿತು. ಮೊದಲಿಗಿಂತ ಜೋರಾಗಿತ್ತು. ಸದ್ದು ಕಡಿಮೆ ಮಾಡು ಎಂದು ನಾನು ಹೇಳಲಿಲ್ಲ.